ಮನೆ ಪ್ಯಾಕಿನ ಆರನೆಯ ಜಾಗ

ಜೂನ್ ೨

ಬಂದು ಕುಳಿತಿರುವ ಮಹಾಜನರೇ, ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿದ ಹಿರಿಯರೇ, ಹಿಂದೆ ಗೋಡೆಗೊರಗಿ ನಿಂತೇ ನೋಡುವ ಪುಣ್ಯಾತ್ಮರೇ, ಅಳುವ ಮಗುವನ್ನು ಹೊರಗೆ ಕರೆದೊಯ್ಯಲು ಮನಸ್ಸು ಬಾರದ ತಾಯಂದಿರೇ, ಎಲ್ಲರೂ ಕೇಳಿ. ಇಪ್ಪತ್ತು ವರ್ಷಗಳ ನಂತರ ಮೊದಲ ಬಾರಿಗೆ ನನ್ನ ತಂಗಿ ನನ್ನ ಸಲಹೆ ಕೇಳಿ ಪತ್ರ ಬರೆದಿದ್ದಾಳೆ.

ಸಭೆ ಎಂದರೆ ನೀನೊಬ್ಬಳೇ ಎಂದು ಗೊತ್ತು, ಗಿಣಿ. ಆದರೆ ಒಬ್ಬರಿಗಾಗಿ ಮಾತಾಡುವುದನ್ನು ಅಪ್ಪ ನನಗೆ ಕಲಿಸಲಿಲ್ಲ. ಫೋನಿನಲ್ಲಿ ಮಾತಾಡಿದರೆ "ಅಣ್ಣ, ನಾನು ಕಿವುಡಿ ಅಲ್ಲ" ಎನ್ನುತ್ತೀಯ. ಕಾಗದದಲ್ಲಾದರೂ ಗಂಟಲು ಬಿಚ್ಚಲು ಬಿಡು.

ನಿನ್ನ ಪ್ರಶ್ನೆ ನನಗೆ ಅರ್ಥವಾಗಿದೆಯೇ ನೋಡು. ನಿಮ್ಮ ಕಂಪನಿ ಪಟ್ಟಿ ಮಾಡಿಕೊಳ್ಳುವ ಒಂದು ಸಾಫ್ಟ್‌ವೇರ್ ಮಾರುತ್ತದೆ. ಒಬ್ಬರು ಬರೆದದ್ದು ಎಲ್ಲರ ಕೈಯಲ್ಲೂ ಕಾಣುತ್ತದೆ. ಮನೆಯವರಿಗೆ ಒಂದು ಬೆಲೆ, ಸಣ್ಣ ಅಂಗಡಿಯವರಿಗೆ ಅದರ ಎರಡೂವರೆ ಪಟ್ಟು. ಎರಡು ಪ್ಯಾಕಿನಲ್ಲೂ ಆರೇ ಜನರಿಗೆ ಜಾಗ. ಆದ್ದರಿಂದ ಅಂಗಡಿಯವರೆಲ್ಲ ಮನೆಯ ವೇಷ ಕಟ್ಟಿಕೊಂಡು ಬಂದು ಅಗ್ಗದ್ದನ್ನೇ ಒಯ್ಯುತ್ತಿದ್ದಾರೆ. ಬೆಲೆ ವಿಭಾಗದಲ್ಲಿ ಕುಳಿತ ನಿನ್ನ ತಲೆಗೆ ಈಗ ಮನೆ ಯಾವುದು, ಅಂಗಡಿ ಯಾವುದು ಎಂದು ಗೆರೆ ಎಳೆಯುವ ಕೆಲಸ ಬಿದ್ದಿದೆ. ನಮ್ಮ ನಾಟಕ ತಂಡ ಮನೆ ಪ್ಯಾಕ್ ಕೊಂಡಿದೆಯಲ್ಲ, ಯಾವ ಧೈರ್ಯದಿಂದ ಎಂದು ಕೇಳಿದ್ದೀಯ.

ಧೈರ್ಯವೇ? ಒಂದೇ ಛಾವಣಿ, ಒಂದೇ ಒಲೆ, ಸ್ನಾನದ ಮನೆಯ ಮುಂದೆ ಬೆಳಿಗ್ಗೆ ಒಂದೇ ಜಗಳ. ಇನ್ನೇನು ಬೇಕು? ಟಿಕೆಟ್ ಹರಿಯುವ ಚಿಕ್ಕಪ್ಪನನ್ನು ಕೇಳಿದೆ. "ಲೇ, ಅಂಗಡಿ ಅಂತ ಬರೆದ್ರೆ ಲಾಭ ಎಲ್ಲಿ ಅಂತ ಕೇಳ್ತಾರೆ. ಮನೆ ಅಂತಾನೇ ಇರ್ಲಿ, ನಷ್ಟಕ್ಕೆ ಯಾರೂ ಕಾರಣ ಕೇಳಲ್ಲ" ಎಂದ.

ನಾವು ನಿಮ್ಮ ಪಟ್ಟಿಯನ್ನು ಬಳಸುವ ರೀತಿ ಕೇಳಿದರೆ ನಿಮ್ಮವರು ಎದ್ದು ನಿಂತು ಚಪ್ಪಾಳೆ ಹೊಡೆಯಬೇಕು. ಉಳಿದವರು ಸೋಪು, ಸಕ್ಕರೆ ಬರೆದುಕೊಳ್ಳುತ್ತಾರೆ. ನಾವು ಇಡೀ ನಾಟಕವನ್ನೇ ಬರೆದಿದ್ದೇವೆ, ಒಂದೊಂದು ಮಾತಿಗೆ ಒಂದೊಂದು ಸಾಲು. ರಂಗದ ಪಕ್ಕದ ಮರೆಯಲ್ಲಿ ಕುಳಿತು ಮಾತು ಹೇಳಿಕೊಡುವವರು ಒಂದು ಸಾಲಿಗೆ ಗುರುತು ಹಾಕಿದ ಕ್ಷಣ, ಮೇಲಿನ ಅಟ್ಟದಲ್ಲಿರುವ ದೀಪದವನಿಗೆ ಮುಂದಿನ ಬೆಳಕು ಯಾವುದೆಂದು ಕಾಣುತ್ತದೆ, ಒಳಕೋಣೆಯ ವೇಷದಾಕೆಗೆ ಮುಂದಿನ ಅಂಗಿ ಯಾವುದೆಂದು ಕಾಣುತ್ತದೆ. ಆ ಒಂದು ಬೆರಳು ನಿಂತರೆ ನಾಟಕ ನಿಂತಂತೆ.

ಆರು ಜಾಗ ಯಾರು ಯಾರದು ಎಂದೂ ಕೇಳಿದ್ದೀಯ. ನಾನು, ನಿನ್ನ ಅತ್ತಿಗೆ, ಚಿಕ್ಕಪ್ಪ, ದೀಪದವನು, ವೇಷದಾಕೆ. ಆರನೆಯದು ಮನೆಯವರದ್ದೇ, ಚಿಂತೆ ಬೇಡ.

ಇನ್ನು ಗೆರೆ. ಬರೆದುಕೋ, ದುಡ್ಡು ಕೇಳುವುದಿಲ್ಲ. ಹೋದವರ ಜಾಗ ಮರುದಿನವೇ ತುಂಬಿದರೆ ಅದು ಅಂಗಡಿ. ಹೋದವರ ಜಾಗ ಹೋದವರ ಹೆಸರಿನಲ್ಲೇ ಉಳಿದರೆ ಅದು ಮನೆ. ನಿಮ್ಮ ಗಾಜಿನ ಕಟ್ಟಡದಲ್ಲಿ ಇದಕ್ಕಿಂತ ಚೆನ್ನಾಗಿ ಹೇಳುವವರಿದ್ದರೆ ನಾನು ಮೀಸೆ ಬೋಳಿಸುತ್ತೇನೆ. ಅಂಟಿಸಿಕೊಂಡಿರುವುದನ್ನಲ್ಲ, ಸ್ವಂತದ್ದನ್ನೇ.

ನಿನ್ನ ಅಣ್ಣ

*

ಜೂನ್ ೧೪

ಅಣ್ಣನಿಗೆ,

ಪತ್ರ ತಲುಪಿತು. ಓದುವಾಗ ಪಕ್ಕದ ಮೇಜಿನವರಿಗೂ ಕೇಳಿಸಿತೇನೋ ಎಂದು ತಲೆ ಎತ್ತಿ ನೋಡಿದೆ.

ಈ ಕೆಲಸ ನೀನು ತಿಳಿದಷ್ಟು ತಮಾಷೆಯದಲ್ಲ. ಒಂದೇ ಛಾವಣಿ ಎಂದರೆ ಬಾಡಿಗೆ ಕೋಣೆಗಳ ಕಟ್ಟಡವೂ ಮನೆಯಾಗುತ್ತದೆ. ಒಂದೇ ರಕ್ತ ಎಂದರೆ ದತ್ತು ಮಗು ಹೊರಗುಳಿಯುತ್ತದೆ. ಒಬ್ಬ ಹಲ್ಲಿನ ವೈದ್ಯ ಕೆಳಗೆ ಕ್ಲಿನಿಕ್, ಮೇಲೆ ಮನೆ ಇಟ್ಟುಕೊಂಡಿದ್ದಾನೆ. ಅವನ ಪಟ್ಟಿಯಲ್ಲಿ ರೋಗಿಗಳ ಹೆಸರಿನ ನಡುವೆ "ಹಾಲು" ಎಂದಿದೆ. ಮೊನ್ನೆ ಒಂದು ಹೊಲಿಗೆ ಅಂಗಡಿಗೆ ಹೋಗಿದ್ದೆ. ಗಂಡ, ಹೆಂಡತಿ, ಅತ್ತೆ ಮೂವರೂ ಮಿಷನ್ ತುಳಿಯುತ್ತಾರೆ. ಗಂಡ ಮನೆ ಅಂದ. ಹೆಂಡತಿ ಸೂಜಿಗೆ ದಾರ ಪೋಣಿಸುತ್ತಲೇ "ಅಂಗಡಿ ಅಂತ ಬರ್ಕೊಳ್ಳಿ ಮೇಡಂ. ಮನೆ ಅಂದ್ರೆ ಈ ಮನುಷ್ಯ ನಂಗೆ ಸಂಬಳ ಕೊಡಲ್ಲ" ಎಂದಳು. ಅತ್ತೆ ಯಾವ ಪಕ್ಷಕ್ಕೂ ಸೇರದೆ ಗುಂಡಿ ಹೊಲಿಯುತ್ತಿದ್ದಳು.

ನಮ್ಮ ವಿಭಾಗದ ಹಿರಿಯರು ಹೇಳುವುದು ಬೇರೆ. "ಬೆಲೆ ಅನ್ನೋದು ಲೆಕ್ಕ ಅಲ್ಲಮ್ಮ. ಜನ ಎಷ್ಟು ಬೈಕೊಂಡು ಕೊಡ್ತಾರೋ ಅದು. ಬೈಯದೇ ಕೊಟ್ರೆ ಕಮ್ಮಿ ಇಟ್ಟಿದ್ದೀವಿ ಅಂತ. ಬೈದು ಹೊರಟೇ ಹೋದ್ರೆ ಜಾಸ್ತಿ ಇಟ್ಟಿದ್ದೀವಿ ಅಂತ."

ನಿನ್ನ ಗೆರೆಯನ್ನು ಅವರಿಗೆ ಓದಿ ಹೇಳಿದೆ. ಹೋದವರ ಜಾಗ ತುಂಬಿದರೆ ಅಂಗಡಿ, ಹೆಸರಿನಲ್ಲೇ ಉಳಿದರೆ ಮನೆ. ಕನ್ನಡಕ ತೆಗೆದು ಒರೆಸಿಕೊಂಡು, "ಇದು ಯಾರು ಹೇಳಿದ್ದು?" ಎಂದರು. ಒಬ್ಬ ನಟ ಎಂದೆ. ಅದನ್ನೇ ನಿಯಮ ಮಾಡುತ್ತಿದ್ದೇವೆ. ಮೀಸೆ ಉಳಿಸಿಕೋ.

ಆ ಮಾತನ್ನು ನೀನು ಹೇಳಿದ್ದು ಮಾತ್ರ ನನಗೆ ಆಶ್ಚರ್ಯ. ನಾನು ಓದಲು ಹೊರಟ ದಿನ ಬಾಗಿಲಲ್ಲಿ ನಿಂತು "ಹೋಗು, ಪಾತ್ರ ನಿನ್ನ ಜೊತೆ ಬರಲ್ಲ" ಎಂದವನು ನೀನು. ಮರುದಿನ ಸಂಜೆ ನನ್ನ ಅಂಗಿ ತೊಟ್ಟು ಬೇರೆ ಹುಡುಗಿ ರಂಗಕ್ಕೆ ಬಂದಳಂತೆ. ಪೋಸ್ಟರಿನಲ್ಲಿ ನನ್ನ ಹೆಸರೇ ಇತ್ತು. ಬಸ್ ನಿಲ್ದಾಣದ ಗೋಡೆಯ ಮೇಲೆ ನೋಡಿದೆ. ಹಳೆಯ ಮಾತು, ಬಿಡು.

ಆರನೆಯವರು ಯಾರು ಎಂದು ನೀನು ಹೇಳಲೇ ಇಲ್ಲ. ಅಮ್ಮನ ಕಣ್ಣು ಮಂಜಾದ ಮೇಲೆ ಮಾತು ಹೇಳಿಕೊಡುವ ಕುರ್ಚಿಯಲ್ಲಿ ಯಾರನ್ನು ಕೂರಿಸಿದ್ದೀಯ? ಅಮ್ಮ ದಿನವಿಡೀ ಏನು ಮಾಡುತ್ತಾಳೆ?

ಗಿಣಿ

*

ಜೂನ್ ೨೫

ಸಭಿಕರೇ, ಮೌನ. ರಾಜ್ಯದ ಕಾನೂನಿನಲ್ಲಿ ನಟನೊಬ್ಬನ ಮಾತು ಸೇರಿಕೊಂಡಿದೆ. ಈ ಸುದ್ದಿಯನ್ನು ಮನೆಮಂದಿಗೆ ಮೂರು ಸಲ ಓದಿ ಹೇಳಿದೆ. ನಿನ್ನ ಅತ್ತಿಗೆ, "ಸರಿ ಮಹಾರಾಜ, ನೀರು ಬರುತ್ತೆ, ಬಕೆಟ್ ಇಡಿ" ಎಂದಳು. ಕೀರ್ತಿಗೆ ಈ ಮನೆಯಲ್ಲಿ ಆಯಸ್ಸು ಕಡಿಮೆ.

ಪೋಸ್ಟರಿನ ಮಾತು. ಮತ್ತೆ ಅಚ್ಚು ಹಾಕಿಸಲು ಆಗ ನಮ್ಮಲ್ಲಿ ದುಡ್ಡಿರಲಿಲ್ಲ, ಗಿಣಿ. ಪ್ರದರ್ಶನ ನಿಲ್ಲಿಸುವಂತಿರಲಿಲ್ಲ. ಇಷ್ಟೇ ಅದರ ಕಥೆ. ನೀನು ಅದನ್ನು ಬಸ್ ನಿಲ್ದಾಣದಲ್ಲಿ ನೋಡಿದ್ದೆ ಎಂದು ಇವತ್ತಿನವರೆಗೆ ನನಗೆ ತಿಳಿದಿರಲಿಲ್ಲ.

ಆರನೆಯವರ ಬಗ್ಗೆ ಅಷ್ಟು ಕೆದಕಬೇಡ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾದೀತು. ಕೆಲಸ ಬಲ್ಲವರು, ಮಾತು ತಪ್ಪದವರು, ಸಂಬಳ ಕೇಳದವರು. ಸಾಕೇ? ಅಮ್ಮ ಇಲ್ಲೇ ಪಕ್ಕದಲ್ಲಿದ್ದಾಳೆ. "ಚೆನ್ನಾಗಿದ್ದೀನಿ ಅಂತ ಬರಿ. ಬೇರೆ ಏನೂ ಬರೀಬೇಡ" ಎನ್ನುತ್ತಿದ್ದಾಳೆ. ಬೇರೆ ಏನೂ ಬರೆಯುತ್ತಿಲ್ಲ.

ಈಗ ದೊಡ್ಡ ಸುದ್ದಿ. ಊರಿನ ದೊಡ್ಡ ಸಭಾಂಗಣ, ಮೆತ್ತನೆಯ ಕುರ್ಚಿಗಳದ್ದು, ಅದರ ಯಜಮಾನ ನಮಗೆ ಆಗಸ್ಟ್ ಒಂದರ ಸಂಜೆ ಕೊಟ್ಟಿದ್ದಾನೆ. "ಮೊದಲ ಆಟ ತೊಡಕಿಲ್ದೆ ನಡೀಲಿ. ನಡೆದ್ರೆ ವರ್ಷಪೂರ್ತಿ ನಿಮ್ಮದೇ. ಇಲ್ದಿದ್ರೆ ಮದುವೆಯವರಿಗೆ ಕೊಡ್ತೀನಿ, ಅವರು ಮಾತು ಮರೆತ್ರೂ ನಡೆಯುತ್ತೆ" ಎಂದಿದ್ದಾನೆ. ಈ ವರ್ಷ ಅದು ಸಿಕ್ಕರೆ ತಂಡ ಉಳಿಯುತ್ತದೆ. ಸಿಗದಿದ್ದರೆ ದೀಪದವನು ಮದುವೆ ಮಂಟಪಕ್ಕೆ ಬಲ್ಬು ಕಟ್ಟಲು ಹೋಗುತ್ತಾನೆ, ವೇಷದಾಕೆ ತವರಿಗೆ ಹೋಗುತ್ತಾಳೆ. ನಾನು ಎಲ್ಲಿಗೆ ಹೋಗಲಿ? ನನ್ನ ಗಂಟಲು ಬೇರೆ ಯಾವ ಕೋಣೆಯಲ್ಲೂ ಹಿಡಿಸುವುದಿಲ್ಲ.

ಇದರ ಜೊತೆ ಒಂದು ಟಿಕೆಟ್ ಇಟ್ಟಿದ್ದೇನೆ. ಕೊನೆಯ ಸಾಲು, ಬಾಗಿಲ ಪಕ್ಕ. ಬೇಡವೆನ್ನಿಸಿದರೆ ಎದ್ದು ಹೋಗಬಹುದು.

ನಿನ್ನ ಅಣ್ಣ

*

ಜುಲೈ ೯

ಅಣ್ಣನಿಗೆ,

ಟಿಕೆಟ್ ತಲುಪಿತು. ಆಗಸ್ಟ್ ಒಂದರಂದು ಬರಲಾಗುವುದಿಲ್ಲ. ಅಂದು ಸಂಜೆಯೇ ಹೊಸ ನಿಯಮ ಜಾರಿಗೆ ಬರುತ್ತದೆ, ನಾನು ಕಚೇರಿಯಲ್ಲಿರಬೇಕು.

ನಿಯಮ ಸರಳ. ಮನೆ ಪ್ಯಾಕಿನ ಒಂದು ಜಾಗ ಯಾರ ಹೆಸರಿನಲ್ಲಿದೆಯೋ ಅವರು ಬೇರೆಡೆ ವಾಸವಿದ್ದು, ಆ ಜಾಗವನ್ನು ಮನೆಯಲ್ಲಿ ಇನ್ನೊಬ್ಬರು ದಿನವೂ ಬಳಸುತ್ತಿದ್ದರೆ ಅಲ್ಲಿ ಬದಲಿ ಬಂದಿದ್ದಾರೆ ಎಂದರ್ಥ. ಬದಲಿ ಬರುವುದು ಅಂಗಡಿಯಲ್ಲಿ. ಆ ಜಾಗ ಮುಚ್ಚುತ್ತದೆ, ಅಂಗಡಿ ಪ್ಯಾಕ್ ಕೊಂಡರೆ ತೆರೆಯುತ್ತದೆ. ಅಂಗಡಿ ಪ್ಯಾಕಿನಲ್ಲಿ ಒಬ್ಬರನ್ನು ತೆಗೆದು ಇನ್ನೊಬ್ಬರನ್ನು ಹಾಕಲು ಒಂದು ಗುಂಡಿ ಒತ್ತಿದರೆ ಸಾಕು. ಹೆಚ್ಚಿನ ಬೆಲೆ ಆ ಗುಂಡಿಗೆ.

ಜಾಗ ಮುಚ್ಚಿದಾಗ ಕಾಣುವ ವಾಕ್ಯ ಬರೆಯುವುದೂ ನನ್ನ ಪಾಲಿಗೇ ಬಂತು. ಸಹೋದ್ಯೋಗಿಯೊಬ್ಬಳು "ಸ್ವಲ್ಪ ಮೆತ್ತಗೆ ಬರಿಯೇ" ಎಂದಳು. ಹಿರಿಯರು "ಮೆತ್ತಗೆ ಬರೆದ್ರೆ ಯಾರೂ ದುಡ್ಡು ಕೊಡಲ್ಲ" ಎಂದರು. ನೇರವಾಗಿ ಬರೆದೆ.

ಗ್ರಾಹಕರಿಗೆಲ್ಲ ಮೊದಲೇ ಸೂಚನೆ ಬರುತ್ತದೆ. ಬಂದರೆ ಓದು.

ಗಿಣಿ

*

ಜುಲೈ ೨೦

ಮಹಾಜನರೇ, ಹಾಸ್ಯ ಪ್ರಸಂಗ ಒಂದು. ನಗದಿದ್ದವರಿಗೆ ಹಣ ವಾಪಸು.

ನಿನ್ನೆ ತಾಲೀಮು. ನ್ಯಾಯಾಲಯದ ದೃಶ್ಯ. ಚಿಕ್ಕಪ್ಪ ನ್ಯಾಯಾಧೀಶ, ನಿನ್ನ ಅತ್ತಿಗೆ ಆರೋಪಿ. ಚಿಕ್ಕಪ್ಪನಿಗೆ ಎಂದಿನಂತೆ ಮಾತು ಮರೆತಿದೆ, ಮರೆಯ ಕಡೆ ಕಿವಿ ಚಾಚಿದ್ದಾನೆ. ಅಲ್ಲಿ ಕುಳಿತವರ ಕೆಲಸ ಪಟ್ಟಿಯಲ್ಲಿ ಮುಂದೆ ಯಾವ ಸಾಲು ಬರುತ್ತದೋ ಅದನ್ನು ಹೇಳುವುದು. ಹೇಳಿದರು. ಚಿಕ್ಕಪ್ಪ ಸುತ್ತಿಗೆ ಕುಟ್ಟಿ, ಅಪ್ಪನ ಕಾಲದ ಆ ಗಂಭೀರ ಧ್ವನಿಯಲ್ಲಿ ಘೋಷಿಸಿದ: "ನಿಮ್ಮ ಆರನೆಯ ಬಳಕೆದಾರರು ಇದೇ ಮನೆಯಲ್ಲಿ ವಾಸವಾಗಿದ್ದಾರೆಂದು ತಿಂಗಳ ಕೊನೆಯೊಳಗೆ ಖಚಿತಪಡಿಸತಕ್ಕದ್ದು."

ನಿಮ್ಮ ಸೂಚನೆ, ಗಿಣಿ. ನಮ್ಮ ನಾಟಕದ ಎರಡು ಸಾಲುಗಳ ನಡುವೆ ಬಂದು ಕುಳಿತಿತ್ತು. ನಿನ್ನ ಅತ್ತಿಗೆ ಬಿಡುವವಳೇ? ಕೈಕೋಳದಲ್ಲೇ ಕೈ ಮುಗಿದು, "ಸ್ವಾಮಿ, ನಾನೇ ಮದುವೆಯಾದಾಗಿನಿಂದ ಮನೇಲಿದ್ದೀನೋ ಅಂಗಡೀಲಿದ್ದೀನೋ ಗೊತ್ತಾಗಿಲ್ಲ. ಇನ್ನೊಬ್ಬರದ್ದು ಏನು ಖಚಿತಪಡಿಸಲಿ" ಎಂದಳು. ದೀಪದವನು ಅಟ್ಟದಿಂದ ಬೀಳುವುದೊಂದು ಬಾಕಿ. ಮರೆಯಲ್ಲಿದ್ದವರು ನಕ್ಕು, ಆ ಸಾಲಿಗೂ ಗುರುತು ಹಾಕಿ ಮುಂದಕ್ಕೆ ಹೋದರು.

ಓದು ಎಂದಿದ್ದೆಯಲ್ಲ. ಓದಿದ್ದಷ್ಟೇ ಅಲ್ಲ, ಅಭಿನಯಿಸಿಯೂ ಆಯಿತು. ಇದರಿಂದ ನಮಗೇನಾದರೂ ತೊಂದರೆ ಇದ್ದರೆ ನೀನೇ ಹೇಳುತ್ತಿದ್ದೆ ಎಂದು ಅಮ್ಮ ಅಂದಳು. ನನಗೂ ಹಾಗೇ ಅನ್ನಿಸಿತು.

ನಿನ್ನ ಅಣ್ಣ

*

ಆಗಸ್ಟ್ ೩

ನಿನ್ನ ಉತ್ತರ ಬರಲಿಲ್ಲ. ನಿಯಮ ಬಂತು.

ಸಭಾಂಗಣ ತುಂಬಿತ್ತು. ಯಜಮಾನ ತನ್ನ ಹೆಂಡತಿಯ ಜೊತೆ ಮೂರನೆಯ ಸಾಲಿನಲ್ಲಿದ್ದ. ಮೊದಲ ಅಂಕ ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಹೋಯಿತು. ಎರಡನೆಯ ಅಂಕದಲ್ಲಿ ನಿನ್ನ ಅತ್ತಿಗೆ ಕಟಕಟೆಯಲ್ಲಿ ನಿಂತಳು. ಬೆಳಕು ಪೂರ್ತಿ ಆರಿ, ಅವಳೊಬ್ಬಳ ಮುಖದ ಮೇಲೆ ಮಾತ್ರ ಬರಬೇಕು. ಆರಿತು. ಬರಲಿಲ್ಲ.

ಆರನೆಯ ಜಾಗ ಮುಚ್ಚಿ, ದೀಪದವನ ಕೈಯಲ್ಲಿದ್ದ ಪಟ್ಟಿ ಅಲ್ಲೇ ನಿಂತಿತ್ತು. ಮುಂದಿನ ಗುರುತು ಬರದೆ ಅವನು ಬೆಳಕು ಹಾಕುವುದಿಲ್ಲ. ಹಾಗೆ ಹಾಕಬಾರದೆಂದು ನಾನೇ ಕಲಿಸಿದ್ದೆ. ಕತ್ತಲಲ್ಲಿ ಚಿಕ್ಕಪ್ಪನಿಗೆ ಮಾತು ಮರೆಯಿತು. ವೇಷದಾಕೆ ತಪ್ಪು ಅಂಗಿ ಹಿಡಿದು ರಂಗದ ಅಂಚಿಗೇ ಬಂದು ನಿಂತಳು. ನಾನು ಕೂಗಿದೆ. ಇಂಥ ದೊಡ್ಡ ಗಂಟಲು ಕೂಗಿದರೂ ಕತ್ತಲು ಕತ್ತಲೇ. ಜನ ಮೊದಲು ಕಾದರು, ಆಮೇಲೆ ಕೆಮ್ಮಿದರು, ಆಮೇಲೆ ನಕ್ಕರು, ಆಮೇಲೆ ಒಂದೊಂದೇ ಕುರ್ಚಿ ಮಡಚಿದ ಸದ್ದು ಕೇಳಿಸಿತು.

ಯಜಮಾನ ಕೆಟ್ಟ ಮನುಷ್ಯನಲ್ಲ. ನನ್ನ ಭುಜ ತಟ್ಟಿ, "ಮದುವೆಯವರು ಮುಂಗಡ ಕೊಟ್ಟಿದ್ದಾರೆ" ಎಂದು ಮಾತ್ರ ಹೇಳಿದ.

ನಿನಗೆ ಗೊತ್ತಿತ್ತೇ? ಒಂದೇ ಪ್ರಶ್ನೆ ಕೇಳುತ್ತಿದ್ದೇನೆ. ಹೌದು ಅಥವಾ ಇಲ್ಲ ಎಂದು ಬರಿ.

*

ಆಗಸ್ಟ್ ೧೦

ಹೌದು.

ನೀನು ಕೇಳಿದ್ದು ಅಷ್ಟೇ, ಆದರೂ ಬರೆಯುತ್ತೇನೆ. ನಾಲ್ಕು ವರ್ಷದ ಹಿಂದೆ ನನ್ನ ಫೋನಿಗೆ ಒಂದು ಸಂದೇಶ ಬಂತು. "ಗಿಣಿ, ನಿಮ್ಮನ್ನು ಈ ಮನೆಗೆ ಸೇರಿಸಲಾಗಿದೆ." ಕೆಳಗೆ ಮನೆಯ ವಿಳಾಸ. ಆಗ ನಾನು ಈ ಕಂಪನಿಗೆ ಸೇರಿದ ಹೊಸತು. ಆ ಸಂದೇಶವನ್ನು ಅಳಿಸಲಿಲ್ಲ. ಅಣ್ಣ ತಾನಾಗಿ ನನ್ನ ಹೆಸರು ಬರೆದಿದ್ದಾನೆ, ಹೇಳಲು ಬಿಂಕ ಎಂದುಕೊಂಡು, ನಾನೂ ಕೇಳಲಿಲ್ಲ.

ಈ ವರ್ಷ ನಿಯಮಕ್ಕಾಗಿ ಮನೆಗಳನ್ನು ಪರೀಕ್ಷಿಸುವಾಗ ನಮ್ಮದನ್ನೂ ತೆರೆದೆ. ದಿನವೂ ಸಂಜೆ ಗಿಣಿ ಬರುತ್ತಾಳೆ. ನಾಟಕದ ಪ್ರತಿ ಸಾಲಿನ ಪಕ್ಕ "ಗಿಣಿ ಗುರುತು ಹಾಕಿದ್ದಾಳೆ" ಎಂದಿದೆ. ನಾನು ಇಲ್ಲಿ ಗಾಜಿನ ಕೋಣೆಯಲ್ಲಿದ್ದೇನೆ, ಅಲ್ಲಿ ನನ್ನ ಹೆಸರು ಹಾಕಿಕೊಂಡು ಇನ್ನೊಬ್ಬಳು ಕುಳಿತಿದ್ದಾಳೆ. ಪೋಸ್ಟರಿಗಾದರೆ ದುಡ್ಡಿರಲಿಲ್ಲ ಎಂದೆ. ಇದಕ್ಕೆ? ಹೆಸರು ಬದಲಿಸಲು ಏನು ಖರ್ಚಿತ್ತು?

ಎರಡು ಸಲ ಕೇಳಿದೆ, ಆರನೆಯವರು ಯಾರೆಂದು. ನೀನು ಇಲಿ, ಬೆಟ್ಟ ಎಂದೆ. ಸಂಬಳ ಕೇಳದವರು ಎಂದೆ. ಪಾಪ, ಆ ಹುಡುಗಿಗೂ ಸಂಬಳವಿಲ್ಲ, ನನಗೂ ಇರಲಿಲ್ಲ. ಹೋದವರ ಜಾಗ ಹೆಸರಿನಲ್ಲೇ ಉಳಿದರೆ ಮನೆ ಎಂದು ನನಗೇ ಬರೆದೆಯಲ್ಲ. ನಿನ್ನ ಮಾತಿನಿಂದಲೇ ನಿನ್ನ ಮನೆಯನ್ನು ಅಳೆದೆ. ಹೆಸರು ಉಳಿದಿತ್ತು, ಜಾಗ ತುಂಬಿತ್ತು. ಅಂಗಡಿ ಎಂದು ಬಂತು.

ಜುಲೈನ ಪತ್ರ ಓದಿ ಎಚ್ಚರಿಸಬಹುದಿತ್ತು. ಒಂದು ಸಲ ಬೆಳಕು ಹೋದರೆ ನಿನಗೆ ತಿಳಿದೀತು ಎಂದುಕೊಂಡೆ. ಪ್ರದರ್ಶನ ನಿಲ್ಲಿಸುವಂತಿಲ್ಲ ಎನ್ನುತ್ತಿದ್ದೆಯಲ್ಲ. ನಿಲ್ಲುತ್ತದೆ.

*

ಆಗಸ್ಟ್ ೧೮

ಗಿಣಿ,

ಹುಡುಗಿ ಯಾರೂ ಇಲ್ಲ. ಆರನೆಯ ಜಾಗದಲ್ಲಿ ಕುಳಿತಿದ್ದವಳು ಅಮ್ಮ.

ಪ್ಯಾಕ್ ಕೊಂಡ ದಿನ ಆರು ಹೆಸರು ಕೇಳಿದರು. ಐದು ಬರೆದು ಅಮ್ಮನದು ಬರೆಯಲು ಹೋದೆ. "ನನ್ನದ್ಯಾಕೆ? ನಾನು ಎಲ್ಲಿ ಹೋಗ್ತೀನಿ, ಇಲ್ಲೇ ಇರ್ತೀನಲ್ಲ. ಅವಳದ್ದು ಬರಿ" ಎಂದಳು. ಬರೆದೆ. ಆಗಲೇ ಪುಸ್ತಕದ ಅಕ್ಷರ ಅವಳಿಗೆ ಕಾಣುತ್ತಿರಲಿಲ್ಲ, ಟ್ಯಾಬಿನಲ್ಲಿ ದೊಡ್ಡದು ಮಾಡಿಕೊಟ್ಟರೆ ಕಾಣುತ್ತಿತ್ತು. ಖಾಲಿ ಇದ್ದದ್ದು ನಿನ್ನ ಜಾಗ. "ಅವಳು ಬರೋ ತನಕ ಕೂತಿರ್ತೀನಿ" ಎಂದು ಕುಳಿತಳು. ಗುರುತು ಹಾಕಿದಾಗಲೆಲ್ಲ ಪಕ್ಕದಲ್ಲಿ ನಿನ್ನ ಹೆಸರು ಬರುತ್ತಿತ್ತು. "ನೋಡೋ, ಇವತ್ತೂ ಎಲ್ಲಾ ಮಾತು ಅವಳೇ ಮುಗಿಸಿದ್ಲು" ಎಂದು ಆಟ ಮುಗಿದ ಮೇಲೆ ನನಗೆ ತೋರಿಸುತ್ತಿದ್ದಳು. ನಿನಗೆ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. "ಗೊತ್ತಾದ್ರೆ ಬಾ ಅಂತ ಒತ್ತಾಯ ಮಾಡಿದ ಹಾಗಾಗುತ್ತೆ. ಬಂದ್ರೆ ತಾನಾಗಿ ಬರಲಿ."

ಆ ಸಂಜೆಯ ಒಂದು ಸಂಗತಿಯನ್ನು ಹಿಂದಿನ ಪತ್ರದಲ್ಲಿ ಬರೆಯಲಿಲ್ಲ. ಬೆಳಕು ಹೋಗಿ, ಚಿಕ್ಕಪ್ಪ ಮಾತಿಗಾಗಿ ಮರೆಯ ಕಡೆ ತಿರುಗಿದಾಗ, ಅಮ್ಮನ ಟ್ಯಾಬಿನ ಮೇಲೆ ಹೊಸ ಸಾಲು ಬಂದಿತ್ತು. ಮುಂದೆ ಬಂದ ಸಾಲನ್ನು ಓದಿ ಹೇಳುವುದು ಅವಳ ಜೀವಮಾನದ ಕೆಲಸ. ಅದು ಏನೆಂದು ಮನಸ್ಸಿಗೆ ಹೋಗುವ ಮೊದಲೇ ಬಾಯಿ ಓದಿತು. ಮೊದಲ ಸಲ ಚಿಕ್ಕಪ್ಪನಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೂ ಗಟ್ಟಿಯಾಗಿ ಮತ್ತೊಮ್ಮೆ ಓದಿದಳು. ಇಡೀ ಸಭಾಂಗಣಕ್ಕೆ ಕೇಳಿಸಿತು.

"ಗಿಣಿ ಈ ಮನೆಯವಳಲ್ಲ."

ಜನ ನಕ್ಕದ್ದು ಅದಕ್ಕೆ.

ನಿನ್ನ ನಿಯಮದಲ್ಲಿ ತಪ್ಪಿಲ್ಲ. ಹೆಸರಿನವಳು ಬೇರೆಡೆ ಇದ್ದಳು, ಜಾಗದಲ್ಲಿ ಇನ್ನೊಬ್ಬಳಿದ್ದಳು. ಸರಿಯಾಗಿಯೇ ಅಳೆದಿದ್ದೀಯ. ಆ ವಾಕ್ಯ ಬರೆದವಳು ನೀನೇ ತಾನೇ? ಬರೆದವರು ಯಾರೆಂದು ಅಮ್ಮ ಕೇಳಿದಳು. ಕಂಪನಿಯವರು ಯಾರೋ ಎಂದು ಹೇಳಿದ್ದೇನೆ.

ಅಣ್ಣ

*

ಆಗಸ್ಟ್ ೨೩

ಅಣ್ಣ,

ನಾನೇ ಬರೆದದ್ದು. ಬರೆಯುವಾಗ ಹೆಸರಿನ ಜಾಗ ಖಾಲಿ ಬಿಟ್ಟಿದ್ದೆ. ಅಲ್ಲಿ ಆಯಾ ಮನೆಯವರ ಹೆಸರು ತಾನಾಗಿ ಬಂದು ಕೂರುತ್ತದೆ.

ಇವತ್ತು ಬೆಳಿಗ್ಗೆ ಹಿರಿಯರ ಮುಂದೆ ನಿಂತು ನಮ್ಮ ಮನೆಗೆ ಶಾಶ್ವತ ವಿನಾಯಿತಿ ಕೇಳಿದೆ. "ನಿನ್ನ ಸ್ವಂತ ಮನೇನಾ?" ಎಂದರು. ಹೌದು ಎಂದೆ. "ಮೊದ್ಲೇ ಹೇಳ್ಬಾರದಿತ್ತಾ?" ಎಂದರು. ಸಹಿ ಹಾಕಿದರು. ಇನ್ನು ನೀವು ಎಂದೂ ದುಡ್ಡು ಕೊಡಬೇಕಿಲ್ಲ. ಅಮ್ಮನ ಹೆಸರಿನಲ್ಲಿ ಏಳನೆಯ ಜಾಗವನ್ನೂ ಸೇರಿಸಿದ್ದೇನೆ. ಆರನೆಯದು ತೆರೆದಿದೆ. ಅವಳು ಯಾವುದರಲ್ಲಿ ಬೇಕಾದರೂ ಕೂರಲಿ. ನನ್ನದರಲ್ಲೇ ಕೂರಲಿ.

ಸಭಾಂಗಣದ ಯಜಮಾನನಿಗೆ ನಾನು ಬರೆಯಲೇ? ತಪ್ಪು ನಮ್ಮ ಕಂಪನಿಯದೆಂದು ಬರೆದುಕೊಡುತ್ತೇನೆ.

ನಾನು ಬರುತ್ತೇನೆ. ಯಾವಾಗ ಬರಲಿ, ಹೇಳು. ಅಮ್ಮನಿಗೆ ಈ ಪತ್ರ ಓದಿ ಹೇಳು, ನಿನ್ನ ದೊಡ್ಡ ಧ್ವನಿಯಲ್ಲೇ.

ಗಿಣಿ

*

ಸೆಪ್ಟೆಂಬರ್ ೬

ಅಣ್ಣ,

ಉತ್ತರವಿಲ್ಲ. ದಿನವೂ ಸಂಜೆ ಇಲ್ಲಿಂದ ನಮ್ಮ ಮನೆಯನ್ನು ತೆರೆದು ನೋಡುತ್ತೇನೆ. ಆರನೆಯ ಜಾಗ ಖಾಲಿ. ಏಳನೆಯದೂ ಖಾಲಿ. ಪಟ್ಟಿಯಲ್ಲಿ ಆ ನ್ಯಾಯಾಲಯದ ದೃಶ್ಯ ಗುರುತಿಲ್ಲದೆ ಅಲ್ಲೇ ನಿಂತಿದೆ.

ಬೈದಾದರೂ ಬರಿ.

ಗಿಣಿ

*

ಸೆಪ್ಟೆಂಬರ್ ೨೦

ಮಹಾಜನರೇ,

ಈ ಸಲ ಸಭೆಯಲ್ಲಿ ಜನ ಕಡಿಮೆ. ದೀಪದವನು ಮದುವೆ ಮಂಟಪಕ್ಕೆ ಹೋದ. ಹೋಗುವಾಗ ಅಮ್ಮನ ಕಾಲು ಮುಟ್ಟಿ, "ಅಲ್ಲಿ ಕತ್ತಲೆ ಮಾಡೋ ಕೆಲ್ಸ ಇಲ್ಲಮ್ಮ, ಬರೀ ಬೆಳಕೇ. ಬೇಜಾರು" ಎಂದ. ಉಳಿದವರು ಶಾಲೆಯ ಜಗಲಿಯಲ್ಲಿ, ಎರಡು ಬಲ್ಬಿನ ಕೆಳಗೆ ಆಡುತ್ತಿದ್ದೇವೆ. ಯಜಮಾನನಿಗೆ ನೀನು ಬರೆಯುವುದು ಬೇಡ. ಮಂಟಪ ಕಟ್ಟಿಯಾಗಿದೆ.

ನಿನ್ನ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ದೊಡ್ಡ ಧ್ವನಿಯಲ್ಲಲ್ಲ. ಅವಳು ಬಟ್ಟೆ ಮಡಚುತ್ತಾ ಕೇಳಿದಳು. ಮಾತು ಹೇಳಿಕೊಡುವುದನ್ನು ಬಿಟ್ಟು ಈಗ ಬಟ್ಟೆ ಮಡಚುತ್ತಾಳೆ. ಟ್ಯಾಬನ್ನು ಮುಟ್ಟುವುದಿಲ್ಲ. ಒಂದು ಕಡೆ ನಿಲ್ಲಿಸಿ ಕೇಳಿದಳು:

"ವಿನಾಯಿತಿ ಅಂದ್ರೇನೋ?"

"ನಿಯಮದ ಪ್ರಕಾರ ಮನೆ ಅಲ್ಲದಿದ್ರೂ, ಹೋಗ್ಲಿ ಅಂತ ಬಿಡೋದು ಅಮ್ಮ."

"ಹಾಗಾದ್ರೆ ಬೇಡ."

"ಅವಳು ಬರ್ತೀನಿ ಅಂತಿದ್ದಾಳೆ."

"ಬರಲಿ. ಬಂದವರನ್ನ ಬೇಡ ಅನ್ನಕ್ಕಾಗುತ್ತಾ. ಮುಂದಿನ ಸಾಲಲ್ಲಿ ಕೂರ್ಸು."

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ನಮ್ಮನೆಯಲ್ಲಿ ಮಾತಿಗೇನೂ ಕೊರತೆ ಇರಲಿಲ್ಲ, ಗಿಣಿ. ಊರೆಲ್ಲ ಕೇಳುವ ಹಾಗೆ ಮಾತಾಡುವ ನಾನು ಹೇಳಬೇಕಾದ ಒಂದು ವಾಕ್ಯ ಹೇಳಲಿಲ್ಲ. ಎಲ್ಲರ ಮಾತೂ ಬಾಯಿಪಾಠ ಇದ್ದ ನೀನು ಕೇಳಬೇಕಾದ ಹಾಗೆ ಕೇಳಲಿಲ್ಲ. ಆದರೆ ಕತ್ತಲೆ ಬರುತ್ತದೆಂದು ನಿನಗೆ ಗೊತ್ತಿತ್ತು. ಅದು ನನಗೆ ಗಂಟಲಿನಿಂದ ಕೆಳಗಿಳಿಯುತ್ತಿಲ್ಲ.

ಟಿಕೆಟ್ ಇದರ ಜೊತೆಗಿದೆ. ಮುಂದಿನ ಸಾಲು. ಚಿಕ್ಕಪ್ಪ "ಮನೆ ಮಗಳು, ಅರ್ಧ ಬೆಲೆ ಹಾಕ್ಲಾ?" ಎಂದು ಕೇಳಿದ. ಅಮ್ಮ ಮಡಚುತ್ತಿದ್ದ ಅಂಗಿಯಿಂದ ತಲೆ ಎತ್ತದೆ "ಪೂರ್ತಿ ಹಾಕು" ಎಂದಳು. ಬಂದಾಗ ಬಾಗಿಲಲ್ಲಿ ಕೊಡು.

ಮರೆಯಲ್ಲಿ ಕೂರಲು ಒಬ್ಬರು ಸಿಕ್ಕಿದ್ದಾರೆ. ನಿವೃತ್ತ ಶಿಕ್ಷಕಿ, ಸ್ಪಷ್ಟ ಧ್ವನಿ, ಕಣ್ಣು ಚೆನ್ನಾಗಿದೆ. ಮೊದಲ ದಿನವೇ "ಸಂಬಳ ಎಷ್ಟು?" ಎಂದು ಕೇಳಿದರು. ಹೇಳಿದೆ, ಒಪ್ಪಿದರು. ಈ ಮನೆಯಲ್ಲಿ ಸಂಬಳ ಕೇಳಿ ಕುಳಿತವರು ಅವರೇ ಮೊದಲು. ಹಿತವಾಗಿದೆ. ಅಳೆಯುವವರಿಗೂ ಸುಲಭ.

ನಾಳೆ ಬೆಳಿಗ್ಗೆ, ನಿಮ್ಮ ಕಂಪನಿಯ ಮಾರಾಟ ಕಚೇರಿಯ ಬಾಗಿಲು ತೆರೆಯುವ ಹೊತ್ತಿಗೆ, ಕ್ಷೌರ ಮಾಡಿಕೊಂಡು, ಒಗೆದ ಅಂಗಿ ತೊಟ್ಟು ಹೋಗುತ್ತೇನೆ. ನಿನ್ನ ವಿನಾಯಿತಿಯನ್ನು ವಾಪಸು ಕೊಟ್ಟು, ಎರಡೂವರೆ ಪಟ್ಟು ಎಣಿಸಿ ಅಂಗಡಿ ಪ್ಯಾಕ್ ಕೊಳ್ಳುತ್ತೇನೆ. ಆರನೆಯ ಜಾಗಕ್ಕೆ ಆ ಶಿಕ್ಷಕಿಯ ಹೆಸರು ಬರೆಸುತ್ತೇನೆ. ಒಂದು ಗುಂಡಿ ಒತ್ತಿದರೆ ಸಾಕು ಎಂದಿದ್ದೆಯಲ್ಲ, ನಾನೇ ಒತ್ತುತ್ತೇನೆ.